ಮೆಟ್ಟಿಲು ಹತ್ತಿ ಬಂದವರು

"ಎಲ್ಲೋ ಇಲಿ ಸತ್ತಿದೆಯಾ?"

ಅಪ್ಪ ಕೇಳಿದ್ದು ಯಾರನ್ನೂ ಅಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದ. ಪ್ರಶ್ನೆ ಗೋಡೆಯ ಬಿರುಕಿನೊಳಗೆ ಹೋಗಿ ಅಲ್ಲೇ ಉಳಿಯಿತು. ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದ ಮಗಳು ಪೆಡಲಿನ ಮೇಲಿನ ಕಾಲನ್ನು ತಡೆದಳು. ಬಟ್ಟೆಯೊಳಗೆ ಇಳಿದ ಸೂಜಿ ಹಾಗೇ ನಿಂತಿತು.

ಇಲಿ ಸತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ವಾಸನೆ ಬರುತ್ತಿದ್ದುದು ಅಪ್ಪನ ಬೆನ್ನಿನ ಬುಡದಿಂದ, ಎಲುಬು ಒಳಗಿನಿಂದ ಚರ್ಮವನ್ನು ಒತ್ತುವ ಜಾಗದಿಂದ. ಮೊದಲು ಅಲ್ಲಿ ಕೆಂಪು ಮೂಡಿತ್ತು, ಆಮೇಲೆ ಕೆಂಪು ಕಪ್ಪಾಯಿತು, ಈಗ ಕಪ್ಪು ಬಾಯಿ ಬಿಟ್ಟಿತ್ತು. ಹಾಸಿಗೆ ಹಿಡಿದವರನ್ನು ಹಾಸಿಗೆಯೇ ಹಲ್ಲು ಮೂಡಿಸಿಕೊಂಡು ಕಚ್ಚುತ್ತದೆ ಎಂದು ಸ್ಕೂಟರ್ ಸಿಸ್ಟರ್ ಹೇಳುತ್ತಿದ್ದಳು.

ಸ್ಕೂಟರ್ ಸಿಸ್ಟರ್ ಎಂದರೆ ಊರ ಆಡಳಿತ ಮಂಡಳಿಯ ನರ್ಸು. ಗಾಜ್ ಬಟ್ಟೆ, ಉಪ್ಪುನೀರಿನ ಬಾಟಲಿ, ಮುಲಾಮು ಎಲ್ಲವನ್ನೂ ಡಿಕ್ಕಿಯಲ್ಲಿ ತುಂಬಿಕೊಂಡು, ಸುತ್ತಲಿನ ಹಳ್ಳಿಗಳಲ್ಲಿ ಎದ್ದು ಓಡಾಡಲಾರದ ಮುದುಕ ಮುದುಕಿಯರ ಮನೆಗಳಿಗೆ ಹೋಗುವುದು ಅವಳ ಕೆಲಸ. ಈ ಮನೆಗೆ ವಾರಕ್ಕೆರಡು ಸಲ ಬರುತ್ತಿದ್ದಳು. ಬಾಗಿಲಲ್ಲಿ ನಿಂತೇ, "ಡ್ರೈವರಣ್ಣ, ಗಾಡಿ ಸ್ಟಾರ್ಟ್ ಆಯ್ತಾ?" ಎನ್ನುವಳು. ಜೀವಮಾನವೆಲ್ಲ ಬಸ್ಸು ಓಡಿಸಿದ್ದ ಅಪ್ಪ, ಲಕ್ವ ಬಿಟ್ಟುಕೊಟ್ಟಿದ್ದ ಅರ್ಧ ಬಾಯಲ್ಲಿ ನಗುತ್ತ, "ತಳ್ಳಿದ್ರೆ ಆಗುತ್ತೆ ತಾಯಿ" ಎನ್ನುವನು. ಇಬ್ಬರು ಹೆಂಗಸರು ಹಾಸಿದ ಚಾದರದ ತುದಿಗಳನ್ನೇ ಹಿಡಿದು ಅವನನ್ನು ಮಗ್ಗುಲಿಗೆ ಹೊರಳಿಸುವರು. ಹುಣ್ಣು ತೊಳೆಯುವಷ್ಟು ಹೊತ್ತು ಅಪ್ಪ ಪದ್ಯ ಹೇಳುತ್ತಿದ್ದ. ಸ್ಟೇರಿಂಗ್ ಹಿಡಿದು ಹೇಳಿಕೊಳ್ಳುತ್ತಿದ್ದ ಪದ್ಯ; ಅದಕ್ಕೂ ಮುಂಚೆ ಅವನ ತಾಯಿ ಬೆಳಗಾಗುವ ಮೊದಲು ಒಲೆ ಮುಂದೆ ಹೇಳಿಕೊಳ್ಳುತ್ತಿದ್ದದ್ದು:

ಹೊರಲಾರೆನೆಂದೊಡನೆ ಇಳಿಸಬಹುದೇ ತಂದೆ,
ಹೊರಿಸಿದವ ನೀನಿರಲು ಹೊರೆಯು ಹೂವು.

ಎರಡನೇ ಸಾಲಿನವರೆಗೂ ಉಸಿರು ಉಳಿದರೆ ಹುಣ್ಣು ಮಾಯುವ ದಾರಿಯಲ್ಲಿದೆ ಎಂದು ಅರ್ಥ. ಮೊದಲನೇ ಸಾಲಿಗೇ ನಿಂತರೆ ಸಿಸ್ಟರಳ ಕೈ ತಾನೇ ನಿಧಾನವಾಗುತ್ತಿತ್ತು. ಹೂವು ಎನ್ನುವ ಮಾತು ಬಂದಾಗ ಮಗಳು ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು.

ಆ ಸಿಸ್ಟರ್ ಈಗ ಬರುತ್ತಿರಲಿಲ್ಲ. ಮಂಡಳಿ ಮನೆಭೇಟಿಯನ್ನು ರದ್ದು ಮಾಡಿತ್ತು. ಅದನ್ನು ಹೇಳಲು ಬಂದ ದಿನ ಅವಳು ಸ್ಕೂಟರಿನಿಂದ ಇಳಿಯಲೇ ಇಲ್ಲ.

"ನನ್ನನ್ನ ಕಚೇರಿ ಮಹಡಿ ಮೇಲಿನ ಹಾಲ್‌ಗೆ ಹಾಕಿದ್ದಾರೆ ಅಕ್ಕ. ಅಲ್ಲೇ ಕೂತು ಬಿಪಿ ನೋಡ್ಬೇಕಂತೆ, ಬಂದೋರದ್ದು."

"ಬರಕ್ಕಾಗದೇ ಇರೋರದ್ದು?"

ಸಿಸ್ಟರ್ ಸ್ಕೂಟರಿನ ಕನ್ನಡಿ ಒರೆಸಿದಳು. ಅದು ಮೊದಲೇ ಸ್ವಚ್ಛವಾಗಿತ್ತು.

ಅಂದಿನಿಂದ ಮಗಳೊಬ್ಬಳೇ ತೊಳೆಯುತ್ತಿದ್ದಳು. ಚಾದರವನ್ನು ಒಂದೇ ಕಡೆಯಿಂದ ಎಳೆದರೆ ಮೈ ಹೊರಳುವುದಿಲ್ಲ, ಜಾರುತ್ತದೆ. ಮೈ ಜಾರಿದರೆ ಹುಣ್ಣಿನ ಅಂಚು ಕಿತ್ತುಬರುತ್ತದೆ. ಗಾಜ್ ಬಿಚ್ಚುವಾಗ ಬಾಯಿ ಬಿಗಿಹಿಡಿದು, ಉಸಿರು ಕಟ್ಟಿ ಕೂತು, ಮುಗಿದ ಕೂಡಲೇ ಕಾರಿಕೊಳ್ಳಲು ಹಿತ್ತಲಿಗೆ ಓಡುತ್ತಿದ್ದಳು. ತನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಮೈಗೆ ತಾನೇ ಹೇಸುವುದೆಂದರೆ! ದೇವರ ಮುಂದೆ ನಿಂತಾಗ ಅದನ್ನು ಹೇಳಿಕೊಳ್ಳಲು ಅವಳಿಗೆ ಮಾತು ಸಿಗುತ್ತಿರಲಿಲ್ಲ. ಊರಿಗೆಲ್ಲ ಅವಳು ಟೈಲರಕ್ಕ. ಗಿರಾಕಿಗಳ ಬಟ್ಟೆಗೆ ವಾಸನೆ ಹತ್ತಬಾರದೆಂದು ಹೊಲಿದದ್ದನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದಳು. ಆದರೂ ಒಬ್ಬಾಕೆ ಹೊಸ ಅಂಗಿಯನ್ನು ಮೂಸಿ ನೋಡಿ, ಮಡಿಸಿಕೊಂಡು ಹೋಗಿದ್ದಳು.

ಇಲಿಯ ಮಾತು ಬಂದ ದಿನವೇ ಮಧ್ಯಾಹ್ನ ಅವಳ ತಮ್ಮ ಬಂದ. ಮಂಡಳಿಗೆ ಆರಿಸಿ ಬಂದಾಗಿನಿಂದ ಅವನು ಎಲ್ಲರಿಗೂ ಮೆಂಬರ್, ಅಪ್ಪನಿಗೂ ಕೂಡ. ಹೊಸ್ತಿಲಲ್ಲಿ ನಿಂತು ಕರವಸ್ತ್ರ ತೆಗೆದು, ಬೆವರು ಒರೆಸುವವನ ಹಾಗೆ ಮೂಗಿಗೆ ಒತ್ತಿಕೊಂಡ. ಕಂಕುಳಲ್ಲಿ ಹಸಿರು ಮಖಮಲ್ಲಿನ ಸುರುಳಿಯಿತ್ತು.

"ಅಕ್ಕ, ಒಂದು ಕುರ್ಚಿಗೆ ಕವರ್ ಆಗ್ಬೇಕು. ದೊಡ್ಡ ಕುರ್ಚಿ. ಸುತ್ತ ಕುಚ್ಚು ಇರ್ಲಿ. ಉದ್ಘಾಟನೆಗೆ."

"ಯಾರು ಕೂರ್ತಾರೋ ಅದರ ಮೇಲೆ, ಮಹಾರಾಜ?"

"ಮೊದಲನೇ ಫಲಾನುಭವಿ. ಯಾರಾದ್ರೂ ಹಿರಿಯರು. ಅಧ್ಯಕ್ಷರು ಯೋಚನೆ ಮಾಡ್ತಿದ್ದಾರೆ."

"ಯಾವುದರ ಫಲ?"

ಮೆಂಬರನ ಮುಖ ಅರಳಿತು. ಮೂಗಿನಿಂದ ಕರವಸ್ತ್ರವೂ ಇಳಿಯಿತು. "ಹಿರಿಯರ ಆರೋಗ್ಯ ಧಾಮ! ಹಾಲ್ ಪಕ್ಕದ ತಾರಸಿ ಇದೆಯಲ್ಲ, ಅದರ ತುಂಬ ನಡೆಯೋ ದಾರಿ. ಉರುಟು ಕಲ್ಲು ಹಾಕಿದ್ದೀವಿ, ಬರಿಗಾಲಲ್ಲಿ ತುಳಿದ್ರೆ ರಕ್ತ ಓಡುತ್ತೆ. ಕಾಲಲ್ಲಿ ತುಳಿಯೋ ಯಂತ್ರ, ಕೈಯಲ್ಲಿ ಎಳೆಯೋ ಯಂತ್ರ. ಇಡೀ ಸೀಮೆಲಿ ಎಲ್ಲೂ ಇಲ್ಲ."

"ಅದಕ್ಕೋಸ್ಕರ ಸಿಸ್ಟರ್‌ನ ಕಿತ್ಕೊಂಡ್ರಾ?"

"ಕಿತ್ಕೊಂಡಿದ್ದಲ್ಲ ಅಕ್ಕ, ಸರ್ವೆ ಮಾಡಿದ್ವಿ. ಮೈಕಲ್ಲಿ ಕೂಗಿಸಿ, ಸುತ್ತಮುತ್ತಲ ಹಿರಿಯರನ್ನೆಲ್ಲ ಹಾಲ್‌ಗೆ ಕರೆಸಿದ್ವಿ. ಟೀ ಬಿಸ್ಕತ್ತು ಕೊಟ್ಟು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದ್ವಿ. ನಡೆಯಕ್ಕಾಗುತ್ತಾ? ಆಗುತ್ತೆ. ಮೆಟ್ಟಿಲು ಹತ್ತಕ್ಕಾಗುತ್ತಾ? ಆಗುತ್ತೆ. ಹಾಸಿಗೆ ಹಿಡಿದಿದ್ದೀರಾ? ಇಲ್ಲ. ಒಬ್ಬರು, ಒಬ್ಬರಾದ್ರೂ ಹೌದು ಅನ್ಬೇಕಲ್ಲ! ಹಾಸಿಗೆ ಹಿಡಿದೋರೇ ಇಲ್ಲ ಅಂದ್ಮೇಲೆ ಮನೆಮನೆಗೆ ನರ್ಸ್ ಯಾಕೆ ಅಂದ್ರು ಅಧ್ಯಕ್ಷರು. ನ್ಯಾಯ ತಾನೆ?"

ಮಗಳು ಅವನನ್ನೇ ನೋಡಿದಳು. ಆ ಹಾಲ್ ಇರುವುದು ಕಚೇರಿಯ ಮಹಡಿಯಲ್ಲಿ. ಕೆಳಗಿನ ಕೋಣೆಗಳೆಲ್ಲ ಅಂಗಡಿಗಳಿಗೆ ಬಾಡಿಗೆಗೆ ಹೋಗಿವೆ.

"ಮಹಡಿ ಮೇಲೆ ಕರೆಸಿ, ಮೆಟ್ಟಿಲು ಹತ್ತಕ್ಕಾಗುತ್ತಾ ಅಂತ ಕೇಳಿದ್ರಾ?"

"ಹೂಂ."

"ಹಾಸಿಗೆ ಹಿಡಿದೋರು ಹೇಗೋ ಬರ್ತಾರೆ? ಹಾಸಿಗೆ ಹೊತ್ಕೊಂಡಾ?"

ಒಳಗಿನಿಂದ ನಗು ಕೇಳಿತು, ಕೆಮ್ಮು ಬೆರೆತದ್ದು. "ಬಸ್ಸೊಳಗೆ ನಿಂತು, ಬಸ್ಸು ತಪ್ಪಿದೋರೆಲ್ಲ ಕೈ ಎತ್ತಿ ಅಂದ ಹಾಗಾಯ್ತು ಕಣೋ ಮೆಂಬರೂ!"

ಮೆಂಬರೂ ನಕ್ಕ. ಮಾತು ಹೊಟ್ಟೆಗೆ ಇಳಿದ ಮೇಲೆ ನಗು ಅರ್ಧಕ್ಕೇ ನಿಂತಿತು. ಶರಟಿನ ಗುಂಡಿಯೊಂದನ್ನು ಬಿಚ್ಚಿ ಮತ್ತೆ ಹಾಕಿಕೊಂಡ.

"ನೀನೂ ಕೈ ಎತ್ತಿದ್ಯಲ್ಲ, ಸಿಸ್ಟರ್ ಬೇಡ ಅಂದ ಸಭೇಲಿ," ಎಂದಳು ಅಕ್ಕ. "ಅಪ್ಪ ನೆನಪಾಗಲಿಲ್ವಾ?"

"ಅಪ್ಪನ ವಿಷಯ ಬೇರೆ. ಅಪ್ಪ ಮನೆಯೋರು. ಮನೆ ವಿಷಯ ಸಭೆಗೆ ತಂದ್ರೆ ಸ್ವಾರ್ಥಿ ಅಂತಾರೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಅಪ್ಪ ಅವನಿಗೆ ನೆನಪಾಗಿರಲಿಲ್ಲ. ಹಿರಿಯರು ಎಂದಾಗ ಅವನ ಕಣ್ಣಿಗೆ ಬಂದವರು ಬಿಳಿ ಬೂಟು ಹಾಕಿಕೊಂಡು ನಡೆಯುವವರು. ಸುಳ್ಳಾಗಿದ್ದರೆ ಅವಳಿಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲವೇನೋ. ಮಖಮಲ್ಲನ್ನು ಯಂತ್ರದ ಮೇಲಿಟ್ಟು ಹೊರಟವನು ಅಂಗಳದಿಂದಲೇ ಕೂಗಿದ: "ಕಿಟಕಿ ತೆಗೆದಿಡು ಅಕ್ಕ, ಸ್ವಲ್ಪ ಗಾಳಿಯಾಡ್ಲಿ."

ಆ ವಾರವೇ ಯೋಜನೆಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆಯಿತ್ತು. ಪಕ್ಕದ ಮನೆಯಾಕೆಯನ್ನು ಅಪ್ಪನ ಬಳಿ ಕೂರಿಸಿ ಮಗಳು ಹೋದಳು. ಹಾಲಿನಲ್ಲಿ ಹೊಸ ಬಣ್ಣದ ವಾಸನೆ. ಗೋಡೆಯ ಮೇಲೆ ಆಳೆತ್ತರದ ಚಿತ್ರ: ಮುದುಕ ಮುದುಕಿ ಕೈ ಹಿಡಿದು ಓಡುತ್ತಿದ್ದಾರೆ, ಇಬ್ಬರಿಗೂ ಬಾಯ್ತುಂಬ ಹಲ್ಲು. ಮೂಲೆಯ ಮೇಜಿನಲ್ಲಿ ಸ್ಕೂಟರ್ ಸಿಸ್ಟರ್ ಅಧ್ಯಕ್ಷರ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಿದ್ದಳು. ಇನ್ನೊಂದು ಕೈಯಲ್ಲಿ ಅವರು ಟೀಗೆ ಬಿಸ್ಕತ್ತು ಅದ್ದುತ್ತಿದ್ದರು. ಬಿಸ್ಕತ್ತು ಮುರಿದು ಕಪ್ಪಿನೊಳಗೆ ಬಿತ್ತು. ಬೆರಳು ಹಾಕಿ ಆ ಮುದ್ದೆಯನ್ನು ಎತ್ತಿ, ನೆಕ್ಕಿ, ಅದೇ ಬೆರಳನ್ನು ಮೈಕಿನ ಮೇಲಿಟ್ಟು, "ಹಿರಿಯರೇ ನಮ್ಮ ದೇವರು" ಎಂದರು. ಚಪ್ಪಾಳೆ ಬಿತ್ತು. ದೇವರ ಹೆಸರು ಆ ಬೆರಳಿಗೆ ಅಂಟಿಕೊಂಡಿದ್ದನ್ನು ಕಂಡು ಮಗಳಿಗೆ ಮನೆಯಲ್ಲಿ ಬರುವ ವಾಕರಿಕೆಯೇ ಬಂತು.

ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಎದ್ದು ನಿಂತ ಕೂಡಲೇ ಚೆದುರಿಹೋದವು.

"ನಮ್ಮಪ್ಪನಿಗೆ ವಾಸನೆ ಬರ್ತಿದೆ," ಎಂದಳು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಮತ್ತೆ ಶುರು ಮಾಡಿದಳು. ಲಕ್ವ, ಹುಣ್ಣು, ಚಾದರ, ಎಲ್ಲ ಹಿಂದುಮುಂದಾಗಿ ಬಂತು. ಅಧ್ಯಕ್ಷರು ತಲೆ ಓರೆ ಮಾಡಿ ಕೊನೆಯವರೆಗೂ ಕೇಳಿದರು. ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವರ ಹಾಗೆ ಹೇಳಿದರು:

"ಕೇಳಿ ನೋವಾಯ್ತು ತಾಯಿ. ಒಂದು ಕೆಲಸ ಮಾಡಿ. ಮನೆಭೇಟಿ ಬೇಕು ಅಂತ ಅವರೇ ಖುದ್ದಾಗಿ ಇಲ್ಲಿಗೆ ಬಂದು ಕೇಳ್ಲಿ. ಡಾಕ್ಟ್ರು ಇಲ್ಲೇ ಪರೀಕ್ಷೆ ಮಾಡ್ತಾರೆ. ಬರಕ್ಕಾಗಲ್ಲ ಅಂತ ಖಾತ್ರಿಯಾದ್ರೆ ಆ ಕ್ಷಣವೇ ಮಂಜೂರು."

"ಬಂದ್ಮೇಲೆ ಬರಕ್ಕಾಗಲ್ಲ ಅಂತ ಹೇಗೆ ಖಾತ್ರಿಯಾಗುತ್ತೆ?"

"ಅದು ಡಾಕ್ಟ್ರಿಗೆ ಬಿಟ್ಟಿದ್ದು. ಮುಂದಿನ ಪ್ರಶ್ನೆ?"

ಮತ್ತೆ ಚಪ್ಪಾಳೆ. ಮೆಂಬರ್ ಮೇಜಿನ ತುದಿಯಲ್ಲಿ ತಲೆ ತಗ್ಗಿಸಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. ಮುಂದಿನ ಸಾಲಿನ ಬಿಳಿ ಬೂಟಿನ ಮುದುಕ ತಿರುಗಿ, ಒಳ್ಳೆಯ ಮನಸ್ಸಿನಿಂದಲೇ, "ಸ್ವಲ್ಪ ವಾಕಿಂಗ್ ಮಾಡ್ಸಮ್ಮ. ಬಿದ್ದಲ್ಲೇ ಬಿದ್ದಿದ್ರೆ ಮನುಷ್ಯ ಕೆಟ್ಟುಹೋಗ್ತಾನೆ" ಎಂದ.

ಸಂಜೆ ಸಿಸ್ಟರ್ ತಾನಾಗಿಯೇ ಬಂದಳು. ಸದ್ದಾಗಬಾರದೆಂದು ಸ್ಕೂಟರ್ ಬಿಟ್ಟು ನಡೆದೇ ಬಂದಿದ್ದಳು. ಗಾಡಿ ಸ್ಟಾರ್ಟ್ ಆಯ್ತಾ ಎಂದು ಕೇಳಲಿಲ್ಲ. ಇಬ್ಬರೂ ಚಾದರ ಹಿಡಿದು ಹೊರಳಿಸಿದರು. ಗಾಜ್ ಬಿಚ್ಚಿದ ಸಿಸ್ಟರ್ ಉಪ್ಪುನೀರಿನ ಬಾಟಲಿಯನ್ನು ಮುಚ್ಚಿ ಕೆಳಗಿಟ್ಟಳು.

"ಏನ್ ತಾಯಿ, ಗಾಡಿ ಗುಜರಿಗಾ?" ಎಂದ ಅಪ್ಪ.

"ಡ್ರೈವರಣ್ಣ, ಪದ್ಯ ಹೇಳಿ."

ಅವನು ಶುರು ಮಾಡಿದ. ಮೊದಲ ಸಾಲೂ ಪೂರ್ತಿಯಾಗಲಿಲ್ಲ. 'ಇಳಿಸಬಹುದೇ' ಎಂಬಲ್ಲಿ ಬಾಯಿ ನಿಂತಿತು. 'ತಂದೆ' ಎಂಬ ಮಾತು ಬರಲೇ ಇಲ್ಲ.

ಸಿಸ್ಟರ್ ಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದಳು. "ನನ್ನ ಕೈ ಮೀರಿದೆ ಅಕ್ಕ. ಎಲುಬು ಕಾಣ್ತಿದೆ. ದೊಡ್ಡಾಸ್ಪತ್ರೆಲಿ ಕೊಳೆತದ್ದನ್ನ ಕತ್ತರಿಸಿ ತೆಗೀಬೇಕು, ತಡ ಮಾಡೋ ಹಾಗಿಲ್ಲ. ಆದ್ರೆ ಮಗ್ಗುಲಲ್ಲಿ ಮಲಗಿಸ್ಕೊಂಡೇ ಹೋಗ್ಬೇಕು. ಒಂದು ಗಳಿಗೆನೂ ಕೂರಿಸ್ಬೇಡಿ. ಕೂತ್ರೆ ಮೈ ಭಾರವೆಲ್ಲ ಅದರ ಮೇಲೇ ಬೀಳುತ್ತೆ, ಇರೋ ಚರ್ಮವೂ ಹರಿಯುತ್ತೆ. ಆ ವಿಷ ರಕ್ತಕ್ಕೆ ಸೇರಿದ್ರೆ ಮನುಷ್ಯ ಉಳಿಯಲ್ಲ."

"ಯಾವ ಗಾಡೀಲಿ?"

"ಮಂಡಳಿಯವರು ಹೊಸ ಆಂಬುಲೆನ್ಸ್ ತಂದಿದ್ದಾರೆ. ಉದ್ಘಾಟನೆ ಆಗೋ ತನಕ ಹೊರಗೆ ತೆಗೆಯೋ ಹಾಗಿಲ್ಲ, ಕೀಲಿ ಅಧ್ಯಕ್ಷರ ಹತ್ರ ಇದೆ. ನಿಮ್ಮ ತಮ್ಮನ್ನ ಕೇಳಿ ನೋಡಿ."

ಒಳಗೆ ಬಂದಾಗ ಅಪ್ಪ ಗೋಡೆ ನೋಡುತ್ತಲೇ ಹೇಳಿದ: "ಇಲಿ ಅಲ್ಲ ಅಂತ ನಂಗೊತ್ತಿತ್ತು ಕಣಮ್ಮ. ನೀನೇನಂತೀಯೋ ಅಂತ ಸುಮ್ನೆ ಕೇಳ್ದೆ." ಅವಳು ಅವನ ತಲೆಯ ಕೂದಲು ಸರಿಮಾಡಿದಳು.

ಬಾಡಿಗೆ ಕಾರಿನವನು ಬಾಗಿಲವರೆಗೆ ಬಂದು, ಮೂಗು ಮುರಿದು, ಟೈರು ಪಂಚರ್ ಎಂದು ಹೇಳಿ ಹೋದ. ಟೈರು ಅವನನ್ನು ಹೊತ್ತುಕೊಂಡು ಚೆನ್ನಾಗಿಯೇ ಉರುಳಿಹೋಯಿತು. ತರಕಾರಿ ಗಾಡಿಯವನು ಮಾತ್ರ, ನಾಳೆ ಲೋಡು ಇಳಿಸಿ ಸಂಜೆ ಬರ್ತೀನಿ, ಹಾಸಿಗೆ ಹಾಕ್ಕೊಳ್ಳಿ ಎಂದ. ಆದರೆ ಅವನ ಗಾಡಿಯದು ತಗಡಿನ ನೆಲ, ದಾರಿಯೆಲ್ಲ ಗುಂಡಿ. ಮಗಳು ತಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಎಲುಬು ಕಾಣುತ್ತಿರುವುದನ್ನೂ, ಕೂರಿಸಬಾರದು ಎಂಬುದನ್ನೂ.

"ಆಂಬುಲೆನ್ಸ್ ನಾನು ತರ್ತೀನಿ ಅಕ್ಕ. ನಾಳೆ ಬೆಳಿಗ್ಗೆ. ನೀನು ಚಿಂತೆ ಬಿಡು."

ರಕ್ತಸಂಬಂಧ ಎಂದರೆ ಕೊನೆಗೂ ರಕ್ತಸಂಬಂಧವೇ ಎಂದುಕೊಂಡಳು. ಮನಸ್ಸು ಹಗುರಾಯಿತು. ಅರ್ಧಕ್ಕೆ ಬಿಟ್ಟಿದ್ದ ಹಸಿರು ಮಖಮಲ್ಲಿನ ಕವರನ್ನು ತೆಗೆದು, ಕುಚ್ಚು ಕಟ್ಟಿ ಮುಗಿಸಿದಳು.

ಬೆಳಿಗ್ಗೆ ಆಂಬುಲೆನ್ಸ್ ಬಂತು. ಬಾನೆಟ್ಟಿನ ಮೇಲೆ ಬಣ್ಣದ ರಿಬ್ಬನ್, ಕನ್ನಡಿಗಳಿಗೆ ಬಲೂನು. ಹಿಂದಿನ ಬಾಗಿಲು ತೆಗೆದಾಗ ಇಬ್ಬರು ಆಳುಗಳು ಇಳಿಸಿದ್ದು ಸ್ಟ್ರೆಚರನ್ನಲ್ಲ, ಕೈಗಳಿರುವ ದೊಡ್ಡ ಮರದ ಕುರ್ಚಿಯನ್ನು.

"ಕವರ್ ಆಯ್ತಾ ಅಕ್ಕ?" ಎಂದ ಮೆಂಬರ್. ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಮಿಂಚುತ್ತಿದ್ದ.

ಅವಳಿಗೆ ಆಗ ತಿಳಿಯಿತು.

"ಮೊದಲನೇ ಫಲಾನುಭವಿ ನಮ್ಮಪ್ಪನೇ!" ಎಂದ ಅವನು, ಬಹುಮಾನ ತಂದವನ ಹಾಗೆ. "ಅಧ್ಯಕ್ಷರನ್ನ ಒಪ್ಪಿಸೋವಷ್ಟರಲ್ಲಿ ಸಾಕುಸಾಕಾಯ್ತು. ಮೊದಲು ಹಾಲ್‌ಗೆ. ಆಳುಗಳು ಕುರ್ಚಿ ಸಮೇತ ಎತ್ಕೊಂಡು ಹತ್ತುತ್ತಾರೆ. ಅಪ್ಪನ ಕೈಲೇ ರಿಬ್ಬನ್ ಕಟ್ ಮಾಡಿಸ್ತಾರೆ. ಅರ್ಧ ಗಂಟೆ ಅಷ್ಟೆ. ಅಲ್ಲಿಂದ ಸೀದಾ ದೊಡ್ಡಾಸ್ಪತ್ರೆ. ಸಿಸ್ಟರ್‌ನ ಮನೆಭೇಟಿಗೂ ಅಧ್ಯಕ್ಷರು ಅಲ್ಲೇ ಸಹಿ ಹಾಕ್ತಾರೆ. ಒಂದೇ ಕಲ್ಲಿಗೆ ಎರಡು ಹಕ್ಕಿ!"

"ಮಲಗಿಸ್ಕೊಂಡು ಹೋಗಿ. ಹಾಲ್‌ಗೆ ಬೇಕಾದ್ರೂ ಮಲಗಿಸ್ಕೊಂಡೇ ಹೋಗಿ."

"ಮಲಗಿದ್ರೆ ಫೋಟೋದಲ್ಲಿ ಹೇಗೆ ಕಾಣುತ್ತೆ ಹೇಳು? ಆರೋಗ್ಯ ಧಾಮ ಅಂತ ಬೋರ್ಡು ಹಾಕ್ಕೊಂಡು..."

ಅವಳು ಅವನ ಮೊಣಕೈ ಹಿಡಿದು ಒಳಗೆ ಎಳೆದುಕೊಂಡು ಬಂದಳು. ಚಾದರದ ಒಂದು ತುದಿಯನ್ನು ಅವನ ಕೈಗೆ ತುರುಕಿದಳು. "ಹಿಡ್ಕೊ. ಎಳೀಬೇಡ, ಎತ್ತು."

ಅಪ್ಪ ಮಗ್ಗುಲಿಗೆ ಹೊರಳಿದ. ಅವಳು ಗಾಜ್ ಬಟ್ಟೆಯನ್ನು ಪದರ ಪದರವಾಗಿ ಬಿಚ್ಚಿದಳು. ಕೊನೆಯ ಪದರ ಹಸಿರು ಮಿಶ್ರಿತ ಹಳದಿಯಾಗಿ ಮಾಂಸಕ್ಕೇ ಅಂಟಿತ್ತು. ಉಪ್ಪುನೀರು ಹನಿಸಿ ಎತ್ತಿದಳು. ಒಳಗೆ ಅಂಗೈ ಹಿಡಿಯುವಷ್ಟು ಗುಂಡಿ. ಗುಂಡಿಯ ತಳದಲ್ಲಿ ಬೆಳ್ಳಗೆ, ತಣ್ಣಗೆ, ಹಲ್ಲಿನ ಹಾಗೆ ಎಲುಬು.

ಮೆಂಬರ್ ಚಾದರ ಬಿಟ್ಟು ಹಿತ್ತಲಿಗೆ ಓಡಿದ. ಅವನು ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು, ಆಮೇಲೆ ನೀರಿನ ಸದ್ದು. ಮಗಳು ಹೊಸ ಗಾಜ್ ಕಟ್ಟುತ್ತ ಕಾದಳು. ಎಷ್ಟೋ ದಿನದ ಮೇಲೆ ಅವಳಿಗೆ ತಮ್ಮನ ಮೇಲೆ ಮರುಕ ಬಂತು. ಇದೇ ಹುಡುಗ ಚಿಕ್ಕವನಿದ್ದಾಗ ಬಸ್ಸಿನ ಬಾನೆಟ್ ಮೇಲೆ ಕೂತು ಅಪ್ಪನ ಪದ್ಯಕ್ಕೆ ತೊಡೆ ತಟ್ಟಿ ತಾಳ ಹಾಕುತ್ತಿದ್ದ. ಈಗ ಕಣ್ಣಾರೆ ನೋಡಿದ್ದಾನೆ. ನೋಡಿದವನು ಇನ್ನು ಕೂರಿಸು ಎಂದು ಕೇಳಲಾರ.

ಅವನು ಒದ್ದೆ ಮುಖದಲ್ಲಿ ಬಂದು ನಿಂತ. ಕಣ್ಣು ಕೆಂಪಾಗಿತ್ತು.

"ಅಕ್ಕ," ಎಂದ ಮೆಲ್ಲಗೆ, "ಕೆಳಗೆ ಮೆತ್ತನೆ ದಿಂಬು ಹಾಕೋಣ. ಅರ್ಧ ಗಂಟೆ ಬೇಡ, ಹತ್ತು ನಿಮಿಷ. ಮೇಲೆ ಮಖಮಲ್ಲು ಹೊದಿಸಿದ್ರೆ ಏನೂ ಕಾಣಲ್ಲ." ಜೇಬಿಗೆ ಕೈ ಹಾಕಿ ಒಂದು ಸಣ್ಣ ಬಾಟಲಿ ತೆಗೆದ. "ಸೆಂಟ್ ತಂದಿದ್ದೀನಿ."

ಅವಳು ಬಾಟಲಿಯನ್ನು ನೋಡಿದಳು. ಇಲ್ಲಿ ನೋಡಿದ ಮೇಲೆ ತಂದದ್ದಲ್ಲ ಅದು. ಮನೆಯಿಂದ ಹೊರಡುವಾಗಲೇ ನೆನಪಿಟ್ಟು ಜೇಬಿಗೆ ಹಾಕಿಕೊಂಡದ್ದು. ಇಷ್ಟು ದಿನ ಹುಣ್ಣಿನ ಮುಂದೆ ಬಂದ ವಾಕರಿಕೆಯೆಲ್ಲ ಇದರ ಮುಂದೆ ಪೂಜೆಯ ಹಾಗಿತ್ತು. ಅವಳು ಆ ಕೈಯನ್ನು ಬಾಟಲಿ ಸಮೇತ ಅತ್ತ ತಳ್ಳಿದಳು.

ಅಕ್ಕ ಒಪ್ಪದ್ದನ್ನು ಕಂಡು ಅವನು ಮಂಚದ ಆಚೆ ಬದಿಗೆ, ಗೋಡೆಗೂ ಅಪ್ಪನ ಮುಖಕ್ಕೂ ನಡುವಿನ ಸಂದಿಗೆ ನುಸುಳಿ ಕುಕ್ಕುರುಗಾಲಲ್ಲಿ ಕೂತ. ಬಿಳಿ ಬಟ್ಟೆಗೆ ಸುಣ್ಣ ಹತ್ತಿತು.

"ಅಪ್ಪಾ, ನೀನಾದ್ರೂ ಹೇಳು. ಎಲ್ಲ ಕಾಯ್ತಿದ್ದಾರೆ. ಅಧ್ಯಕ್ಷರಿಗೆ ಮಾತು ಕೊಟ್ಟುಬಿಟ್ಟಿದ್ದೀನಿ. ನನಗೋಸ್ಕರ ಅಪ್ಪ. ಒಂದೇ ಒಂದು ಸಲ ಕೂತುಬಿಡು."

ಅಪ್ಪ ಮಗನ ಮುಖವನ್ನು ನೋಡಿದ. ಹೊರಗೆ ಆಂಬುಲೆನ್ಸಿನ ಬಲೂನೊಂದು ಬಿಸಿಲಿಗೆ ಒಡೆಯಿತು.

"ಹುಟ್ಟಿದಾಗಿಂದ ನೀನು ಕೇಳಿದ್ದಕ್ಕೆ ಯಾವತ್ತಾದ್ರೂ ಇಲ್ಲ ಅಂದಿದ್ದೀನೇನೋ?"

"ಇಲ್ಲಪ್ಪ," ಎಂದ ಮೆಂಬರ್. ಅವನ ಮುಖದಲ್ಲಿ ಆಸೆ ಮೂಡಿತು.

"ಹೂಂ." ಅಪ್ಪ ಉಸಿರೆಳೆದುಕೊಂಡ. "ಈಗ ಅಂತೀನಿ. ಕೂರಲ್ಲ."